ಮುಖ ತೋರಿಸದ ಕನ್ನಡಿ

ಕನ್ನಡಿಯೆದುರು ಕೂತ ಹೆಣ್ಣಿನ ಚಿತ್ರ ಕಂಡರೆ ‘ಚೆಲುವಿನ ಮೋಹ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವವರೇ ಹೆಚ್ಚು. ಉಡುಪಿಯಲ್ಲಿ ಚಿತ್ರಕಲೆ ಕಲಿಸುವ ನಾನು ಮಕ್ಕಳಿಗೆ ಹೇಳುವುದು: ಕನ್ನಡಿಯೊಳಗೆ ಏನಿದೆ ಅಂತ ಮೊದಲು ನೋಡಿ, ಅರ್ಥ ಆಮೇಲೆ. ಫ್ರಾನ್ಸಿನ ಕಲಾವಿದೆ ಬೆರ್ತ್ ಮೊರಿಸೊ 1875–80ರ ಅವಧಿಯಲ್ಲಿ ರಚಿಸಿದ, ಅಲಂಕಾರಕ್ಕೆ ಕೂತ ಹೆಂಗಸಿನ ತೈಲಚಿತ್ರವನ್ನು ನಾನು ಓದಿದ್ದೂ ಹಾಗೆಯೇ. ಮೂಲ ಷಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ನಾನು ನೋಡಿದ್ದು ಕಂಪ್ಯೂಟರಿನಲ್ಲಿ, ಹಿಗ್ಗಿಸಿ ಹಿಗ್ಗಿಸಿ.

ಅವಳು ನಮಗೆ ಬೆನ್ನು ಹಾಕಿ ಕೂತಿದ್ದಾಳೆ. ಕೈ ಮೇಲೆತ್ತಿ ಕೂದಲು ಹಿಡಿದಿದ್ದಾಳೆ. ಕುತ್ತಿಗೆಗೆ ಕಪ್ಪು ಪಟ್ಟಿ. ಉಡುಗೆಯೂ ಗೋಡೆಯೂ ಬೂದು, ನಸುನೀಲಿ, ತಿಳಿಗುಲಾಬಿಯಲ್ಲಿ ಒಂದರೊಳಗೊಂದು ಕರಗಿವೆ. ಆ ಪಟ್ಟಿ ಇಲ್ಲದಿದ್ದರೆ ಕಣ್ಣು ಎಲ್ಲೂ ನಿಲ್ಲುತ್ತಿರಲಿಲ್ಲ. ಬೇಲೂರಿನ ದರ್ಪಣಸುಂದರಿ ಕನ್ನಡಿ ಹಿಡಿದರೂ ಮುಖವನ್ನು ನಮಗೆ ಪೂರ್ತಿ ಕೊಡುತ್ತಾಳೆ. ಇಲ್ಲಿ ಕನ್ನಡಿಯೂ ಮುಖ ಕೊಡುವುದಿಲ್ಲ. ಅದರಲ್ಲಿ ಕಾಣುವುದು ಪೌಡರಿನ ಸಾಮಗ್ರಿ, ಗಾಜಿನ ಭರಣಿ, ಬಿಳಿ ಹೂವು.

ಇದೇಕೆ ಹೀಗೆ ಎಂಬುದಕ್ಕೆ ನನಗೆ ದಾರಿ ತೋರಿಸಿದ್ದು ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗ. ಸ್ತ್ರೀವೇಷದ ಕಲಾವಿದರು ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಬಣ್ಣ ಹಾಕಿಕೊಳ್ಳುವಾಗ ಕೈಗನ್ನಡಿಯಲ್ಲಿ ನೋಡುವುದು ಒಂದು ಹುಬ್ಬು, ಆಮೇಲೆ ಒಂದು ಕಣ್ಣಂಚು. ಅಲ್ಲಿ ಕನ್ನಡಿ ಮೋಹದ ವಸ್ತುವಲ್ಲ, ಕೆಲಸದ ಹತಾರ. ಮೊರಿಸೊ ಕೂಡ ಅಲಂಕಾರವನ್ನು ಕೆಲಸವಾಗಿಯೇ ಕಂಡರು ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಅದಕ್ಕೆ ಆಧಾರ ಚಿತ್ರದಲ್ಲೇ ಇದೆ: ಅವರು ಸಹಿ ಹಾಕಿದ್ದು ಕನ್ನಡಿಯ ಕೆಳ ಅಂಚಿನಲ್ಲಿ. ಪೌಡರು ಹಚ್ಚುವವಳ ಸಾಮಾನಿನ ಪಕ್ಕದಲ್ಲೇ ಬಣ್ಣ ಹಚ್ಚಿದವಳ ಹೆಸರು! ಪ್ಯಾರಿಸಿನ ಸರ್ಕಾರಿ ಕಲಾಶಾಲೆ ಹೆಂಗಸರಿಗೆ ಬಾಗಿಲು ತೆರೆದದ್ದು 1897ರಲ್ಲಿ, ಮೊರಿಸೊ ತೀರಿಕೊಂಡ ಎರಡು ವರ್ಷದ ಮೇಲೆ. ಗಂಡು ಕಲಾವಿದರಂತೆ ಕೆಫೆ, ಬೀದಿಗಳಲ್ಲಿ ಒಬ್ಬರೇ ಕೂತು ಬರೆಯುವ ಸಲುಗೆ ಅವರ ವರ್ಗದ ಹೆಣ್ಣಿಗೆ ಇರಲಿಲ್ಲ. ಮನೆಯೊಳಗಿನ ಕೋಣೆಯೇ ಅವರಿಗೆ ದಕ್ಕಿದ ಲೋಕ, ಅದನ್ನೇ ಅವರು ಇಷ್ಟು ಆಳವಾಗಿ ನೋಡಿದರು.

ತರಗತಿಯಲ್ಲಿ ಈ ಚಿತ್ರ ತೋರಿಸುವಾಗ ಮೊದಲು ಕನ್ನಡಿಯ ಭಾಗಕ್ಕೆ ಕಾಗದ ಮುಚ್ಚುತ್ತೇನೆ. ಮಕ್ಕಳು ಅಲ್ಲಿ ಏನಿರಬಹುದೆಂದು ಬಿಡಿಸುತ್ತಾರೆ, ಹೆಚ್ಚಿನವರು ಮುಖವನ್ನೇ. ಕಾಗದ ತೆಗೆದ ಮೇಲೆ ಮಾತು ಶುರುವಾಗುತ್ತದೆ. ಅವಳು ತುರುಬು ಕಟ್ಟುತ್ತಿದ್ದಾಳೋ ಬಿಚ್ಚುತ್ತಿದ್ದಾಳೋ ಎಂಬ ಜಗಳವಂತೂ ಪ್ರತಿಸಲವೂ ಏಳುತ್ತದೆ. ಆಗ ಅವಳಂತೆಯೇ ಕೂತು, ಕೈ ಎತ್ತಿ ನೋಡಿ ಎನ್ನುತ್ತೇನೆ.