ಸ್ಪಾನ್ಸರ್ ಇಲ್ಲದೆ ದಾವಣಗೆರೆಯಲ್ಲಿ ಸಿನಿಮಾ ಹಬ್ಬ ಮಾಡಿದೆವು

ಹೀರೋ ಇಲ್ಲದ ಸಿನಿಮಾಕ್ಕೆ ನಮ್ಮೂರಲ್ಲಿ ದುಡ್ಡು ಕೊಟ್ಟು ಯಾರು ಬರ್ತಾರೆ ಅಂತ ಗೆಳೆಯರೇ ಕೇಳಿದ್ದರು. ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ ರಂಗಸಂಸ್ಥೆ 1973ರಲ್ಲೇ ಚಿತ್ರಸಮಾಜ, ಅಂದರೆ ಒಟ್ಟಿಗೆ ಸಿನಿಮಾ ನೋಡುವವರ ಸಂಘ, ಕಟ್ಟಿತ್ತು. ದಾವಣಗೆರೆಗೆ ಯಾಕೆ ಆಗಲ್ಲ?

ಮೊದಲ ಸಲ ಪ್ರವೇಶ ಉಚಿತ. ಖರ್ಚು ಒಂದೂಕಾಲು ಲಕ್ಷದ ಹತ್ತಿರ ಬಂತು. ಸ್ಪಾನ್ಸರ್ ಒಬ್ಬರು ದೊಡ್ಡ ಬ್ಯಾನರ್ ಹಾಕಿಸಿಕೊಂಡು, ಹೇಳಿದ್ದರಲ್ಲಿ ಅರ್ಧ ಕೊಟ್ಟು ಫೋನ್ ಎತ್ತೋದು ಬಿಟ್ಟರು. ಜನ ಬಂದರು, ನಡುವೆಯೇ ಎದ್ದು ಹೋದರು. ಪುಕ್ಕಟೆ ಬಂದವರಿಗೆ ಎದ್ದು ಹೋಗೋದು ಸುಲಭ ಅಲ್ವಾ?

ಈ ಸಲ ಒಂದು ಓಣಿಗೆ ಒಂದು ಸಿನಿಮಾ ವಹಿಸಿದೆವು. ಆರಿಸೋದು ಓಣಿಯವರೇ. ನಿರ್ದೇಶಕರ ಬಸ್ ಚಾರ್ಜು, ಊಟ, ವಸತಿ ಓಣಿಯವರದ್ದೇ. ಮಂಡಕ್ಕಿ ಭಟ್ಟಿ ಕಡೆಯವರು ದುಡಿಮೆ ಬಗ್ಗೆ ಇದ್ದ ಒಂದು ಸಾಕ್ಷ್ಯಚಿತ್ರ ಆರಿಸಿಕೊಂಡರು. ಅವತ್ತು ಭಟ್ಟಿ ಬೇಗ ನಂದಿಸಿ ಬಂದು ಮುಂದಿನ ಸಾಲು ಪೂರ್ತಿ ಹಿಡಿದರು. ಸಿನಿಮಾ ಮುಗಿದ ಮೇಲೆ ಒಬ್ಬರು ಎದ್ದು, 'ಕೂಲಿ ಎಷ್ಟು ಅಂತ ಎಲ್ಲೂ ತೋರಿಸಿಲ್ಲವಲ್ಲ?' ಅಂದರು. ನಿರ್ದೇಶಕಿ ನೋಟ್‌ಬುಕ್ ತೆಗೆದು ಬರೆದುಕೊಂಡರು. ದೊಡ್ಡ ಊರಿನ ಉತ್ಸವಗಳಲ್ಲಿ ಇಂಥ ಪ್ರಶ್ನೆ ನಾನು ಕೇಳಿಲ್ಲ.

ಪರದೆ ಬಾಡಿಗೆ ದಿನಕ್ಕೆ ಮೂರು ಸಾವಿರ ಕೇಳಿದರು. ಗಿರಣಿಗಳು ಮುಚ್ಚಿದರೂ ಬಟ್ಟೆ ಗೊತ್ತಿರುವ ಕೈಗಳು ಊರಲ್ಲಿವೆ. ದಪ್ಪ ಹತ್ತಿ ಬಟ್ಟೆ ತಂದು 16 ಅಡಿಗೆ 9 ಅಡಿ ಹೊಲಿಸಿದೆವು. ಹಿಂದೆ ಕರಿ ಬಟ್ಟೆ ಕಟ್ಟದಿದ್ದರೆ ಬೆಳಕು ಸೋರಿ ಚಿತ್ರ ಸಪ್ಪೆಯಾಗುತ್ತೆ. ಹೊಲಿಗೆ ಪಾತ್ರಗಳ ಮುಖದ ಮೇಲೆ ಬರದಂತೆ ಪಟ್ಟಿ ಜೋಡಿಸಬೇಕು. ಮೇಲೆ ಬಳಿದ ಬಿಳಿ ಬಣ್ಣಕ್ಕೆ ಏನು ಬೆರೆಸಿದೆವು ಅನ್ನೋದು ನಮ್ಮಲ್ಲೇ ಇರಲಿ.

ಇನ್ನೊಂದು ಪ್ರಯೋಗ. ಬಂಗಾಳಿ ಸಿನಿಮಾದ ಸಬ್‌ಟೈಟಲ್ ಓದಲಾಗದ ಹಿರಿಯರಿಗಾಗಿ ಒಬ್ಬ ಹುಡುಗ ಮೈಕಿನಲ್ಲಿ ಕನ್ನಡ ಹೇಳಿದ. ನಾಟಕದವನು, ಅಳುವ ಕಡೆ ತಾನೂ ಅತ್ತ. ಜನಕ್ಕೆ ಕಿರಿಕಿರಿ ಆಯ್ತು. ಮಾರನೇ ದಿನ ಸಪಾಟಾಗಿ ಓದಿಸಿದೆವು, ಹಾಲ್ ನಿಶ್ಶಬ್ದ.

ನೀವೂ ಇಂಥ ಹಬ್ಬ ಮಾಡೋದಾದರೆ, ಸೆನ್ಸಾರ್ ಆಗದ ಚಿತ್ರಗಳಿಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿ ಪತ್ರ ಬೇಕು. ಬೇಗ ಅರ್ಜಿ ಹಾಕಿ.

ಪಾಸ್ 150 ರೂಪಾಯಿ. ನಾನೂರರ ಆಸುಪಾಸು ಹೋದವು, ಅಂದರೆ ಸುಮಾರು ಅರವತ್ತು ಸಾವಿರ. ಹಾಲ್, ಪ್ರೊಜೆಕ್ಟರ್, ಸೌಂಡ್ ಸೇರಿ ನಲವತ್ತೆಂಟು ಸಾವಿರ. ಉಳಿದದ್ದನ್ನು ಎಂಟು ನಿರ್ದೇಶಕರಿಗೆ ಸಮನಾಗಿ ಹಂಚಿದೆವು. ತಮ್ಮ ಸಿನಿಮಾಕ್ಕೆ ನೋಡುಗರಿಂದ ಬಂದ ಮೊದಲ ದುಡ್ಡು ಇದು ಅಂತ ಇಬ್ಬರು ಹೇಳಿದರು. ಚಿತ್ರದುರ್ಗದ ಗೆಳೆಯರು ಈಗ ಪರದೆ ಕೇಳ್ತಿದ್ದಾರೆ. ಕೊಡ್ತೀವಿ, ಮಡಚದೆ ಸುತ್ತಿಕೊಂಡು ಒಯ್ಯಬೇಕು.