ಆರು ಕಂತು, ಒಂದು ನೋಟುಪುಸ್ತಕ: ಕೇಳುಗರು ನನ್ನ ಪಾಡ್‌ಕಾಸ್ಟನ್ನು ತಿದ್ದಿದ ಬಗೆ

ಮೂರನೆಯ ಕಂತು ಹೊರಬಂದ ಮರುದಿನ ಬೆಳಿಗ್ಗೆ ಒಂದು ಧ್ವನಿ ಸಂದೇಶ ಬಂದಿತ್ತು. ನಮಸ್ಕಾರವಿಲ್ಲ, ಹೆಸರಿಲ್ಲ. "ಫಾಂಟೋಫ್ಟ್ ಚರ್ಚಿಗೆ ಬೆಂಕಿ ಇಟ್ಟದ್ದು ವಿಕರ್ನೆಸ್ ಎಂದು ಹೇಳಿದಿರಿ. ಆ ಒಂದು ಆರೋಪದಿಂದ ಅವನು ಖುಲಾಸೆಯಾಗಿದ್ದಾನೆ. ತೀರ್ಪು ಏನು ಹೇಳುತ್ತದೆ ಎಂದು ನೋಡಿದ್ದೀರಾ?" ನೋಡಿರಲಿಲ್ಲ. ಎಲ್ಲರೂ ಹೇಳುತ್ತಾರಲ್ಲ ಎಂದು ನಾನೂ ಹೇಳಿಬಿಟ್ಟಿದ್ದೆ. ಅಪರಾಧದ ಕಥೆ ಹೇಳಲು ಹೊರಟವನು ತೀರ್ಪನ್ನೇ ನೋಡದೆ ಹೊರಟಿದ್ದೆ.

ನಾನು ಆರು ಕಂತುಗಳಲ್ಲಿ ಹೇಳಲು ಕುಳಿತದ್ದು ನಾರ್ವೆಯ ಬ್ಲ್ಯಾಕ್ ಮೆಟಲ್ ಎಂಬ, ರಾಕ್ ಸಂಗೀತದ ಒಂದು ಕರ್ಕಶ ಕವಲಿನ ಕಥೆ, 1991ರಿಂದ 1994ರವರೆಗಿನದು. ಈ ಸಂಗೀತದವರು 'ಸೀನ್' ಎಂದು ಕರೆದುಕೊಳ್ಳುವುದಕ್ಕೆ ನಾನು 'ಬಳಗ' ಎಂದೆ. ಆ ಬಳಗ ಸೇರುತ್ತಿದ್ದದ್ದು ಓಸ್ಲೋದ ಹೆಲ್ವೆಟೆ ಎಂಬ ಧ್ವನಿಮುದ್ರಿಕೆಗಳ ಅಂಗಡಿಯಲ್ಲಿ. ಹೆಲ್ವೆಟೆ ಎಂದರೆ ನರಕ. ಅಂಗಡಿ ನಡೆಸುತ್ತಿದ್ದವನು ಮೇಹೆಮ್ ತಂಡದ ಗಿಟಾರ್ ವಾದಕ ಓಯ್ಸ್ಟೈನ್ ಆರ್ಸೆತ್. ಬಳಗದಲ್ಲಿ ಯುರೋನಿಮಸ್ ಎಂದೇ ಪರಿಚಿತ. 1993ರ ಆಗಸ್ಟ್ 10ರಂದು ಓಸ್ಲೋದಲ್ಲಿ ಅವನು ವಾಸವಿದ್ದ ಕಟ್ಟಡದಲ್ಲೇ ಅವನನ್ನು ಇರಿದು ಕೊಂದವನು ಬುರ್ಜುಮ್ ಎಂಬ ಹೆಸರಿನಲ್ಲಿ ಒಬ್ಬನೇ ಸಂಗೀತ ಮಾಡುತ್ತಿದ್ದ ವಾರ್ಗ್ ವಿಕರ್ನೆಸ್. ನಡುವೆ ಒಂದು ಆತ್ಮಹತ್ಯೆ, ಸಾಲುಸಾಲು ಚರ್ಚುಗಳ ಬೆಂಕಿ, ಇನ್ನೊಂದು ಕೊಲೆ. ಕಥೆ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ ಎಂದು ನಂಬಿದ್ದೆ. ನಾನು ಎಡವಿದ್ದೇ ಅಲ್ಲಿ.

ಅಭಿಪ್ರಾಯ ಕೇಳುವ ಕೆಲಸವನ್ನೂ ಮೊದಲು ತಪ್ಪಾಗಿಯೇ ಮಾಡಿದೆ. ಮೊದಲ ಎರಡು ಕಂತುಗಳ ಕೊನೆಯಲ್ಲಿ "ಹೇಗಿತ್ತು, ತಿಳಿಸಿ" ಎಂದಿದ್ದೆ. ಬಂದ ಉತ್ತರವೆಲ್ಲ "ಚೆನ್ನಾಗಿತ್ತು", "ಮೈ ಜುಮ್ಮೆಂದಿತು", "ಮುಂದಿನದು ಯಾವಾಗ?" ಕೇಳಲು ಹಿತ, ತಿದ್ದಿಕೊಳ್ಳಲು ಕವಡೆಯಷ್ಟೂ ಉಪಯೋಗವಿಲ್ಲ. ಮೂರನೆಯ ಕಂತಿನಿಂದ ಬೇರೆ ಮೂರು ಪ್ರಶ್ನೆ ಇಟ್ಟೆ: ಎಲ್ಲಿ ನಿಲ್ಲಿಸಿದಿರಿ? ಈಗ ಯಾರ ಹೆಸರು ನೆನಪಿದೆ? ಯಾವ ಮಾತು ತಪ್ಪೆನಿಸಿತು? ಬರೆಯಲು ಬೇಸರವಾದವರಿಗೆ ಧ್ವನಿ ಸಂದೇಶದ ದಾರಿಯೂ ಇತ್ತು. ಬಂದದ್ದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಕೈಯಿಂದಲೇ ಬರೆದುಕೊಂಡೆ. ನಕಲು ಮಾಡಿ ಅಂಟಿಸಿದರೆ ಮೆಚ್ಚುಗೆಯನ್ನು ಎರಡು ಸಲ ಓದುತ್ತೇನೆ, ಟೀಕೆಯನ್ನು ಹಾರಿಸುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು. ಕೈಯಿಂದ ಬರೆಯುವಾಗ ಬೈಗುಳದ ಪ್ರತಿ ಅಕ್ಷರವನ್ನೂ ಮೂಡಿಸಲೇಬೇಕಾಗುತ್ತದೆ.

ಫಾಂಟೋಫ್ಟ್ ವಿಷಯಕ್ಕೆ ಬರುತ್ತೇನೆ. ಬೆರ್ಗೆನ್ ಊರಿನ ಆ ಮರದ ಚರ್ಚು ಹನ್ನೆರಡನೆಯ ಶತಮಾನದ್ದು. ಮೊದಲು ಬೇರೆ ಊರಿನಲ್ಲಿತ್ತು. 1883ರಲ್ಲಿ ಅಲ್ಲಿಂದ ತಂದು ಮರುಜೋಡಿಸಿದ್ದರು. 1992ರ ಜೂನ್ 6ರಂದು ಸುಟ್ಟುಹೋಯಿತು. ಸುಟ್ಟ ಚರ್ಚಿನ ಚಿತ್ರವನ್ನು ವಿಕರ್ನೆಸ್ ಮರುವರ್ಷ ತನ್ನ ಧ್ವನಿಮುದ್ರಿಕೆಯ ಹೊದಿಕೆಗೆ ಹಾಕಿ, ಅದಕ್ಕೆ 'ಆಸ್ಕೆ' ಎಂದು ಹೆಸರಿಟ್ಟ. ಬೂದಿ ಎಂದರ್ಥ. ಮೊದಲ ಪ್ರತಿಗಳ ಜೊತೆ ಒಂದು ಲೈಟರನ್ನೂ ಕೊಟ್ಟರು. ಇಷ್ಟೆಲ್ಲ ಕಣ್ಣಿಗೆ ಕಂಡ ಮೇಲೆ ಯಾರಿಗಾದರೂ ತೀರ್ಪು ಬೇಕೆನಿಸುತ್ತದೆಯೇ? ಆದರೆ 1994ರ ಮೇ ತಿಂಗಳಲ್ಲಿ ಬಂದ ತೀರ್ಪಿನಲ್ಲಿ ಕೊಲೆಯ ಜೊತೆಗೆ ಹೋಲ್ಮೆನ್‌ಕೋಲೆನ್, ಶೋಲ್ಡ್, ಓಸಾನೆ ಚರ್ಚುಗಳ ಬೆಂಕಿಗೆ ಅವನು ತಪ್ಪಿತಸ್ಥ; ಫಾಂಟೋಫ್ಟ್ ವಿಷಯದಲ್ಲಿ ಜ್ಯೂರಿ ಅವನನ್ನು ಬಿಟ್ಟಿತು. ಶಿಕ್ಷೆ 21 ವರ್ಷ, ಆಗಿನ ನಾರ್ವೆಯ ಕಾನೂನಿನಲ್ಲಿ ಅದೇ ಗರಿಷ್ಠ.

ತಿದ್ದುವುದು ಹೇಗೆ? ಕಡತವನ್ನು ಸದ್ದಿಲ್ಲದೆ ಬದಲಿಸಿಬಿಡುವುದು ಸುಲಭ. ನಾನು ಎರಡು ಕೆಲಸ ಮಾಡಿದೆ: ಹಳೆಯ ಕಂತಿನಲ್ಲಿ ಆ ವಾಕ್ಯವನ್ನು ಹೊಸದಾಗಿ ಓದಿ ಕೂಡಿಸಿದೆ, ನಾಲ್ಕನೆಯ ಕಂತಿನ ಆರಂಭದಲ್ಲೇ ಎಲ್ಲಿ ತಪ್ಪಿದ್ದೆ ಎಂದೂ ಹೇಳಿದೆ. ಒಂದು ವಾಕ್ಯ ಕೂಡಿಸುವುದಕ್ಕೆ ಒಂದು ಸಂಜೆಯೇ ಬೇಕಾಯಿತು. ಮೈಕಿಗೂ ಬಾಯಿಗೂ ಇದ್ದ ದೂರ ಬದಲಾದರೆ ಅದು ಬೇರೆಯವನ ದನಿಯಂತೆ ಕೇಳುತ್ತದೆ. ಕೋಣೆಯ ಮೌನಕ್ಕೂ ಒಂದು ಸದ್ದಿದೆ. ಮೊದಲ ಸಲ ಫ್ಯಾನ್ ನಿಂತಿತ್ತು, ಈ ಸಲ ತಿರುಗುತ್ತಿತ್ತು. ತೇಪೆ ಎದ್ದು ಕಂಡಿತು. ಮೂರನೆಯ ಪ್ರಯತ್ನದಲ್ಲಿ, ಹಳೆಯ ಕಂತಿನ ಹತ್ತು ಸೆಕೆಂಡಿನ ಖಾಲಿ ಸದ್ದನ್ನು ಹೊಸ ವಾಕ್ಯದ ಕೆಳಗೆ ಹಾಸಿದಾಗ ಹೊಲಿಗೆ ಮರೆಯಾಯಿತು. ಆ ಧ್ವನಿ ಸಂದೇಶದವರಿಗೆ ಧನ್ಯವಾದ ಹೇಳಿ ಬರೆದೆ. "ಸರಿ" ಎಂದಷ್ಟೇ ಉತ್ತರ ಬಂತು.

ಈ ಸಂಗೀತವನ್ನು ಮೊದಲೇ ಬಲ್ಲ ಕೇಳುಗರೆಲ್ಲ ಹೀಗೆಯೇ. ತಾರೀಖು ಒಂದು ದಿನ ಆಚೀಚೆಯಾದರೆ ಬಿಡುವುದಿಲ್ಲ. ಅವರು ಕೂದಲು ಸೀಳುತ್ತಾರೆ ಎಂದು ಮೊದಮೊದಲು ಸಿಡುಕಿದ್ದೇನೆ. ಈಗ ಪ್ರತಿ ಕಂತಿನ ಬರಹವನ್ನು ಅಂಥ ಇಬ್ಬರಿಗೆ ಮೊದಲೇ ಕಳುಹಿಸುತ್ತೇನೆ.

ಏನೂ ಗೊತ್ತಿಲ್ಲದವರ ಅಭಿಪ್ರಾಯ ಇನ್ನೊಂದು ಬಗೆಯದು. ನನ್ನ ಅತ್ತಿಗೆ ಈ ಸಂಗೀತವನ್ನು ಜನ್ಮದಲ್ಲಿ ಕೇಳಿದವರಲ್ಲ. ಇಸ್ತ್ರಿ ಮಾಡುತ್ತಾ ಮೊದಲ ಕಂತು ಕೇಳುತ್ತಿದ್ದರು; ನಾನು ಪಕ್ಕದಲ್ಲಿ ಸುಮ್ಮನೆ ಕುಳಿತು ಅವರ ಕೈ ನೋಡುತ್ತಿದ್ದೆ. ಸುಮಾರು ಹನ್ನೊಂದನೆಯ ನಿಮಿಷದಲ್ಲಿ ಅವರು ಇಸ್ತ್ರಿಯ ಉಷ್ಣತೆ ಸರಿಪಡಿಸಿದರು, ಬಟ್ಟೆಗಳನ್ನು ಎಣಿಸಿದರು, ಕಿಟಕಿಯಾಚೆ ನೋಡಿದರು. ಆ ನಿಮಿಷದಲ್ಲಿ ನಾನು ಒಂಬತ್ತು ತಂಡಗಳ ಹೆಸರು ಹೇಳಿದ್ದೆ. ಆಮೇಲೆ ಪಾಡ್‌ಕಾಸ್ಟ್ ಹಾಕುವ ತಾಣದ ಅಂಕಿಅಂಶದ ಗೆರೆ ನೋಡಿದರೆ, ಅಲ್ಲಿಯೇ ಅದು ಬಾವಿಗೆ ಬಿದ್ದಂತೆ ಇಳಿದಿತ್ತು. ಅತ್ತಿಗೆಯ ಕೈಯೂ ಆ ಗೆರೆಯೂ ಒಂದೇ ಮಾತು ಹೇಳಿದವು.

ಕೊನೆಯಲ್ಲಿ ಅವರು ಕೇಳಿದ ಪ್ರಶ್ನೆ ಮಾತ್ರ ಯಾವ ಗೆರೆಯಲ್ಲೂ ಇರಲಿಲ್ಲ.

"ಈ ಹುಡುಗರಿಗೆಲ್ಲ ಎಷ್ಟು ವಯಸ್ಸಪ್ಪ?"

ಲೆಕ್ಕ ಹಾಕಿ ಹೇಳಿದೆ. ಕೊಂದ ವಿಕರ್ನೆಸ್‌ಗೆ ಆಗ 20. ಸತ್ತ ಆರ್ಸೆತ್‌ಗೆ 25. ಮೇಹೆಮ್ ತಂಡದ ಹಾಡುಗಾರ, 1991ರ ಏಪ್ರಿಲ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡ ಪೆರ್ ಇಂಗ್ವೆ ಓಲಿನ್‌ಗೆ 22. ಲಿಲ್ಲೆಹಮ್ಮರ್‌ನಲ್ಲಿ ಕೊಲೆ ಮಾಡಿದ, ಎಂಪರರ್ ತಂಡದ ಡ್ರಮ್ಮರ್ ಬೋರ್ಡ್ ಐಥುನ್‌ಗೆ 18.

"ಹದಿನೆಂಟು! ಇದನ್ನು ಮೊದಲೇ ಹೇಳಬಾರದಿತ್ತೇ? ನಾನು ಗಡ್ಡ ಬಿಟ್ಟ ದೊಡ್ಡ ಗಂಡಸರು ಎಂದುಕೊಂಡು ಕೇಳುತ್ತಿದ್ದೆ."

ನಾನು ಆ ಕಂತನ್ನು "ನಾರ್ವೆಯನ್ನು ನಡುಗಿಸಿದ ಸೈತಾನನ ಆರಾಧಕರು" ಎಂದು ಆರಂಭಿಸಿದ್ದೆ, ಹಿನ್ನೆಲೆಯಲ್ಲಿ ಗುಡುಗು. ಆ ಹುಡುಗರು ಊರು ತುಂಬ ಹೇಳಿಕೊಂಡು ತಿರುಗಿದ್ದನ್ನೇ ನಾನು ಮೂವತ್ತು ವರ್ಷದ ನಂತರ ಅವರ ಪರವಾಗಿ ಪ್ರಚಾರ ಮಾಡುತ್ತಿದ್ದೆ. ಆ ವಾಕ್ಯ ತೆಗೆದೆ. ಈಗ ಮೊದಲ ಕಂತು ಆರಂಭವಾಗುವುದು ಒಂದು ಅಂಗಡಿಯ ಬಾಗಿಲಿನಿಂದ, ಒಳಗೆ ಬರುವವರ ವಯಸ್ಸಿನಿಂದ. ಯಾರ ಹೆಸರು ಮೊದಲ ಸಲ ಬಂದರೂ ಜೊತೆಗೆ ವಯಸ್ಸು ಬರಬೇಕೆಂಬುದು ನಿಯಮ. ಒಂಬತ್ತು ತಂಡಗಳು ಮೂರಕ್ಕೆ ಇಳಿದವು.

ಓಲಿನ್ ಕುರಿತ ಎರಡನೆಯ ಕಂತಿಗೆ ಒಬ್ಬ ಹೆಣ್ಣುಮಗಳು ಬರೆದದ್ದನ್ನು ಇಲ್ಲಿ ಪೂರ್ತಿ ಹೇಳಲಾರೆ. ತಮ್ಮನನ್ನು ಹಾಗೆಯೇ ಕಳೆದುಕೊಂಡಿದ್ದರು; ಮೂರನೆಯ ನಿಮಿಷದಲ್ಲಿ ನಿಲ್ಲಿಸಿದೆ ಎಂದರು. ನಾನು ಆ ಸಾವಿನ ಬಗೆಯನ್ನು ಬಿಡಿಬಿಡಿಯಾಗಿ ಹೇಳಿದ್ದೆ. ಆರ್ಸೆತ್ ಪೊಲೀಸರಿಗೆ ತಿಳಿಸುವ ಮೊದಲು ಶವದ ಚಿತ್ರ ತೆಗೆದದ್ದು, ಮುಂದೆ ಅಂಥದ್ದೊಂದು ಚಿತ್ರ ಕಳ್ಳಮುದ್ರಿಕೆಯೊಂದರ ಹೊದಿಕೆಯಾದದ್ದು ಸಾರ್ವಜನಿಕವಾಗಿ ಗೊತ್ತಿರುವ ಸಂಗತಿಗಳು. ಆ ಕ್ರೌರ್ಯವನ್ನು ಹೇಳಲೇಬೇಕು, ಇಲ್ಲದಿದ್ದರೆ ಬಳಗದ ಒಳಗಿನ ಬಿರುಕು ಅರ್ಥವಾಗುವುದಿಲ್ಲ. ಆದರೆ ಚಿತ್ರದಲ್ಲಿ ಏನಿತ್ತು ಎಂದು ನಾನೂ ವರ್ಣಿಸಿದರೆ, ಅದೇ ಚಿತ್ರವನ್ನು ಇನ್ನೊಮ್ಮೆ ತೆಗೆದಂತೆ. ಏಳು ವಾಕ್ಯಗಳನ್ನು ಕಿತ್ತುಹಾಕಿದೆ. ಕಂತಿನ ಮೊದಲಿಗೆ ವಿಷಯ ಏನೆಂದು ಹೇಳಿ, ಬೇಡದವರು ನೇರವಾಗಿ ಯಾವ ನಿಮಿಷಕ್ಕೆ ಹೋಗಬಹುದು ಎಂದೂ ಸೂಚಿಸಿದೆ. ಮುಂದಿನ ವಾರ ಒಬ್ಬ ಕೇಳುಗ "ಕಂತು ಸಪ್ಪೆಯಾಯಿತು" ಎಂದು ದೂರಿದ. ಅದನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡೆ, ಪಕ್ಕದಲ್ಲಿ ಏನೂ ಗುರುತು ಹಾಕಲಿಲ್ಲ.

ಆದರೆ ಇಡೀ ಕೆಲಸವನ್ನು ಬುಡಮೇಲು ಮಾಡಿದ್ದು ನಾಲ್ಕನೆಯ ಕಂತಿಗೆ ಬಂದ ಪತ್ರ. ಲಿಲ್ಲೆಹಮ್ಮರ್‌ನಲ್ಲಿ 1992ರ ಆಗಸ್ಟ್ 21ರಂದು ಐಥುನ್ ಕೊಂದದ್ದು ಬಳಗಕ್ಕೆ ಸಂಬಂಧವೇ ಇಲ್ಲದ ಒಬ್ಬ ಸಲಿಂಗಿ ಮನುಷ್ಯನನ್ನು. ಎರಡು ದಿನಕ್ಕೆ ಓಸ್ಲೋದ ಹೋಲ್ಮೆನ್‌ಕೋಲೆನ್ ಪ್ರಾರ್ಥನಾ ಮಂದಿರ ಉರಿಯಿತು. ನನ್ನ ಕಂತಿನಲ್ಲಿ ಕೊಲೆಗೆ ನಾಲ್ಕು ನಿಮಿಷ, ಬೆಂಕಿಗೆ ಇಪ್ಪತ್ತಮೂರು. ಪತ್ರ ಬರೆದವರು ಗಡಿಯಾರ ಹಿಡಿದು ಕೇಳಿದ್ದರು. "ನಾನೂ ಸಲಿಂಗಿ. ಕಟ್ಟಡ ಸುಟ್ಟದ್ದಕ್ಕೆ ನಿಮ್ಮ ದನಿ ನಡುಗಿತು. ಮನುಷ್ಯ ಸತ್ತದ್ದನ್ನು ನೀವು ಬೆಂಕಿಯ ಕಡೆಗೆ ಹತ್ತುವ ಮೆಟ್ಟಿಲು ಮಾಡಿಕೊಂಡಿರಿ" ಎಂದಿದ್ದರು.

ಸಮರ್ಥನೆಗೆ ಮಾತು ಹುಡುಕಿದೆ. ಆತ ಸಂಗೀತಗಾರನಲ್ಲ, ಇದು ಸಂಗೀತದ ಕಥೆ ಎಂದು ಬರೆಯಲು ಹೊರಟು, ಬರೆದದ್ದನ್ನು ಓದಿಕೊಂಡಾಗ ನನಗೇ ನಾಚಿಕೆಯಾಯಿತು. ತಂಡಗಳ ಜಗಳದಲ್ಲಿ ಒಂದು ನಾಟಕವಿದೆ, ನಾಯಕ–ಪ್ರತಿನಾಯಕರಿದ್ದಾರೆ, ಹೊದಿಕೆಯ ಚಿತ್ರಗಳಿವೆ. ರಾತ್ರಿ ದಾರಿಯಲ್ಲಿ ಸಿಕ್ಕ ಅಪರಿಚಿತನಿಗೆ ಅದು ಯಾವುದೂ ಇಲ್ಲ. ಹಾಗಾಗಿ ಇಂಥ ಕಥೆ ಹೇಳುವವರೆಲ್ಲ ಅವನ ಮೇಲಿಂದ ಹಾದುಹೋಗುತ್ತೇವೆ.

ಕಂತನ್ನು ಮತ್ತೆ ಬರೆದೆ. ಆಗ ಕಣ್ಣಿಗೆ ಬಿದ್ದದ್ದು, ಮೊದಲ ಸಲ ಒಂದೇ ವಾಕ್ಯದಲ್ಲಿ ದಾಟಿಸಿದ್ದ ಸಂಗತಿ: ಆ ಕೊಲೆ ಬಳಗದ ಒಳಗೆ ಗೊತ್ತಿತ್ತು. ಐಥುನ್ ಹೇಳಿಕೊಂಡಿದ್ದ. ಒಂದು ವರ್ಷ ಯಾರೂ ಪೊಲೀಸರ ಬಳಿ ಹೋಗಲಿಲ್ಲ. ಆರ್ಸೆತ್‌ನ ಕೊಲೆಯಾಗಿ, ಪೊಲೀಸರು ಒಬ್ಬೊಬ್ಬರನ್ನೇ ಕರೆದು ಕೇಳತೊಡಗಿದ ಮೇಲೆಯೇ, 1993ರ ಆಗಸ್ಟ್‌ನಲ್ಲಿ ಅವನ ಬಂಧನವಾದದ್ದು. 14 ವರ್ಷ ಶಿಕ್ಷೆಯಾಯಿತು. ಬಳಗವೊಂದರ ಕಥೆ ಹೇಳುವವನಿಗೆ ಈ ಒಂದು ವರ್ಷದ ಮೌನಕ್ಕಿಂತ ದೊಡ್ಡ ವಿಷಯ ಇನ್ನೇನಿದೆ? ಗುಡುಗು, ಚಾಕು, ಗಾಯಗಳ ಎಣಿಕೆಗಳ ನಡುವೆ ನನಗೆ ಅದು ಕಂಡಿರಲಿಲ್ಲ. ಹೊಸ ಕಂತಿನಲ್ಲಿ ಆ ಮೌನವೇ ನಡುಗಂಬ. ಗಾಯಗಳ ಎಣಿಕೆ ಯಾವ ಕಂತಿನಲ್ಲೂ ಇಲ್ಲ.

ಇನ್ನು ಸದ್ದಿನ ದೂರುಗಳು. ಶ್ರವಣಸಾಧನ ಬಳಸುವ ಹಿರಿಯರೊಬ್ಬರು, ಹಿನ್ನೆಲೆಯ ಗೊರಗೊರ ಸದ್ದಿನಲ್ಲಿ ಮಾತು ಮುಳುಗುತ್ತದೆ ಎಂದರು. ಹೆಡ್‌ಫೋನಿನಲ್ಲಿ ನನಗೆ ಹಾಗೆ ಕೇಳುತ್ತಿರಲಿಲ್ಲ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಹಾಕಿದರೆ ಅವರು ಹೇಳಿದ್ದು ನಿಜ. ಮಾತಿನ ಕೆಳಗಿನ ಸಂಗೀತವನ್ನು ಬಹುತೇಕ ತೆಗೆದೇಬಿಟ್ಟೆ. ಅಷ್ಟೇ.

ಹೆಚ್ಚು ಕೆಲಸ ಕೊಟ್ಟದ್ದು ಬೇರೊಂದು ಮಾತು. ಕಾಲೇಜು ಹುಡುಗನೊಬ್ಬ ಬರೆದಿದ್ದ: "ಐದು ಕಂತು ಕೇಳಿದೆ. ಯಾರು ಯಾರನ್ನು ಕೊಂದರು ಗೊತ್ತಾಯಿತು. ಈ ಸಂಗೀತವನ್ನು ಯಾರಾದರೂ ಯಾಕೆ ಪ್ರೀತಿಸುತ್ತಾರೆ ಎಂದು ಮಾತ್ರ ಗೊತ್ತಾಗಲಿಲ್ಲ." ಹಾಡುಗಳನ್ನು ಹಾಕುವ ಹಕ್ಕು ನನಗಿರಲಿಲ್ಲ, ಅದನ್ನೇ ನೆಪ ಮಾಡಿಕೊಂಡಿದ್ದೆ. ಆರನೆಯ ಕಂತಿಗೆ ಗಿಟಾರ್ ನುಡಿಸುವ ಗೆಳೆಯನನ್ನು ಕೂರಿಸಿದೆ. ಯಾರ ರಚನೆಯೂ ಬೇಡ, ಬಗೆ ಮಾತ್ರ ತೋರಿಸು ಎಂದೆ. ಒಂದೇ ತಂತಿಯನ್ನು ಮೇಲೆ ಕೆಳಗೆ ಎಡೆಬಿಡದೆ ಮೀಟಿದ. ಮೊದಲು ಒಂದೊಂದು ಮೀಟೂ ಬಿಡಿಬಿಡಿ. ವೇಗ ಹೆಚ್ಚಿದಂತೆ ಮೀಟುಗಳು ಕರಗಿ, ಮಳೆ ತಗಡಿನ ಮೇಲೆ ಬಿದ್ದಂತೆ ಒಂದೇ ಹರಿವಾಯಿತು, ಅದರೊಳಗಿಂದ ನಿಧಾನವಾದ ಒಂದು ರಾಗದ ಎಳೆ ಮೇಲೆ ತೇಲಿತು. ಆ ಎಳೆ ದುಃಖದ್ದು, ಸಿಟ್ಟಿನದಲ್ಲ. ಆಮೇಲೆ ಅದನ್ನೇ ಬೇಕೆಂದೇ ಹಾಳು ಮೈಕಿನಲ್ಲಿ ಮುದ್ರಿಸಿದೆವು. 1993ರಲ್ಲಿ ವಿಕರ್ನೆಸ್ ಒಂದು ಮುದ್ರಿಕೆಗಾಗಿ ಸಿಕ್ಕವುಗಳಲ್ಲಿ ಅತಿ ಕೆಟ್ಟ ಮೈಕು ಕೇಳಿ, ಹೆಡ್‌ಸೆಟ್ಟಿನ ಮೈಕಿಗೆ ಹಾಡಿದ್ದ ಎಂಬುದನ್ನು ಅಲ್ಲಿ ಹೇಳಿದೆ. ಇನ್ನೊಂದು ಕಡೆ, ಮೇಹೆಮ್ ತನ್ನ ಮೊದಲ ಪೂರ್ಣ ಆಲ್ಬಮ್ ಮುದ್ರಿಸಿದ್ದು ಬೆರ್ಗೆನ್‌ನ ಗ್ರೀಗ್‌ಹಾಲೆನ್‌ನಲ್ಲಿ. ನಗರದ ಸಿಂಫನಿ ವೃಂದ ನುಡಿಸುವ ಸಭಾಂಗಣ ಅದು.

ಆ ಆಲ್ಬಮ್ 1994ರ ಮೇ ತಿಂಗಳಲ್ಲಿ, ತೀರ್ಪು ಬಂದ ಹೊತ್ತಿಗೇ ಹೊರಬಂತು. ಗಿಟಾರ್ ಸತ್ತವನದು, ಬೇಸ್ ಎಂಬ ತಗ್ಗು ಸ್ವರದ ಗಿಟಾರ್ ಕೊಂದವನದು. ಆ ಬೇಸನ್ನು ತೆಗೆಯಬೇಕೆಂದು ಆರ್ಸೆತ್‌ನ ಮನೆಯವರು ಕೇಳಿಕೊಂಡಿದ್ದರು. ಡ್ರಮ್ಮರ್ ಯಾನ್ ಆಕ್ಸೆಲ್ ಬ್ಲೋಂಬೆರ್ಗ್ ಒಪ್ಪಿದಂತೆ ಮಾಡಿ ಹಾಗೆಯೇ ಬಿಟ್ಟ. ಕೊನೆಯ ಕಂತಿನಲ್ಲಿ ಇದನ್ನು ಹೇಳಿ, ನನ್ನ ಅಭಿಪ್ರಾಯ ಸೇರಿಸದೆ ಮುಗಿಸಿದೆ. ನೋಟುಪುಸ್ತಕದ ಕೊನೆಯ ಪುಟದಲ್ಲಿ ಈಗ ಎರಡು ಸಂದೇಶಗಳಿವೆ. "ನಿಮ್ಮಿಂದಾಗಿ ಆ ಆಲ್ಬಮ್ ಹುಡುಕಿ ಕೇಳಿದೆ. ಬೇಸ್ ಬಹಳ ಮೆಲ್ಲಗಿದೆ, ಕಿವಿಗೊಟ್ಟರೆ ಕೇಳುತ್ತದೆ. ಎರಡನೆಯ ಸಲ ಕೇಳಲು ಆಗಲಿಲ್ಲ" ಎಂದು ಅತ್ತಿಗೆಯ ವಯಸ್ಸಿನವರೊಬ್ಬರು. ಕಾಲೇಜು ಹುಡುಗ ಬರೆದದ್ದು: "ಈಗ ಹತ್ತನೆಯ ಸಲ ಕೇಳುತ್ತಿದ್ದೇನೆ. ಬೇಸ್ ಎಲ್ಲಿದೆ ಎಂದು ಇನ್ನೂ ಹುಡುಕುತ್ತಿದ್ದೇನೆ."