ಸಾಂಕ್ರಾಮಿಕದ ಕಾಲದಲ್ಲಿ ಕಡಿಮೆ ಆದಾಯದ ವಿದ್ಯಾರ್ಥಿಗಳು ತಮ್ಮನ್ನು ನೋಡಿಕೊಳ್ಳುವ ಬಗೆ

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆದ ಕೆಲವೇ ವಾರಗಳಲ್ಲಿ ಜಗತ್ತಿನ ಬಹುತೇಕ ವಿಶ್ವವಿದ್ಯಾಲಯಗಳು ಬಾಗಿಲು ಮುಚ್ಚಿದವು. ಪಾಠವೇನೋ ಆನ್‌ಲೈನ್‌ಗೆ ಹೋಯಿತು. ಹಾಸ್ಟೆಲಿನ ಊಟ, ಗ್ರಂಥಾಲಯದ ಕಂಪ್ಯೂಟರ್, ಸಂಜೆಯ ಅರೆಕಾಲಿಕ ಕೆಲಸ ಹಾಗೆ ಹೋಗುವಂಥವಲ್ಲ. ಇಂಥ ಹೊತ್ತಿನಲ್ಲಿ ಧ್ಯಾನ ಮಾಡಿ ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ, ಆದರೆ ಬಾಡಿಗೆಯ ಚಿಂತೆ ಧ್ಯಾನದಿಂದ ತೀರುವುದಿಲ್ಲವಾದ್ದರಿಂದ ಊಟ, ವಸತಿ, ಶುಲ್ಕಗಳನ್ನೇ ಮೊದಲು ಕೈಗೆತ್ತಿಕೊಳ್ಳುವುದು ಮೇಲು.

ಮುಂದಿನ ಎರಡು ತಿಂಗಳಲ್ಲಿ ಏನೇನು ಕಟ್ಟಬೇಕು, ಯಾವ ದಿನಾಂಕದೊಳಗೆ ಕಟ್ಟಬೇಕು ಎಂಬುದನ್ನು ಬರೆದಿಟ್ಟುಕೊಳ್ಳಿ. ಕೊರತೆ ಕಂಡ ಕೂಡಲೇ, ಗಡುವು ಮುಗಿಯುವ ಮುನ್ನವೇ, ವಿಶ್ವವಿದ್ಯಾಲಯದ ವಿದ್ಯಾರ್ಥಿ ಕಲ್ಯಾಣ ವಿಭಾಗಕ್ಕೆ ಲಿಖಿತ ಮನವಿ ಕಳುಹಿಸಿ. "ಕಷ್ಟದಲ್ಲಿದ್ದೇನೆ" ಎಂದಷ್ಟೇ ಬರೆದರೆ ಬರುವ ಉತ್ತರವೂ ಅಷ್ಟೇ ಅಸ್ಪಷ್ಟವಾಗಿರುತ್ತದೆ. ಮನೆಯಲ್ಲಿ ಯಾರ ದುಡಿಮೆ ನಿಂತಿದೆ, ಎಷ್ಟು ಹಣ ಸಾಲದು, ಬೇಕಿರುವುದು ತುರ್ತು ಸಹಾಯಧನವೋ, ಶುಲ್ಕದ ಕಂತುಗಳೋ, ಹಾಸ್ಟೆಲಿನಲ್ಲಿ ಉಳಿಯಲು ಅನುಮತಿಯೋ ಎಂಬುದನ್ನು ಸ್ಪಷ್ಟಪಡಿಸಿ, ಇರುವ ದಾಖಲೆಗಳನ್ನು ಲಗತ್ತಿಸಿ. ಮನವಿಯ ಒಂದು ಪ್ರತಿಯನ್ನು ನಿಮ್ಮ ಬಳಿ ಉಳಿಸಿಕೊಂಡು, ಪರಿಚಯವಿರುವ ಒಬ್ಬ ಅಧ್ಯಾಪಕರಿಗೂ ವಿಷಯ ತಿಳಿಸಿ. ಸಹಾಯ ಕೇಳುವುದಕ್ಕೆ ನಾಚಿಕೊಳ್ಳುವವರೇ ಹೆಚ್ಚು. ಆದರೆ ಈ ನಿಧಿಗಳು ಇರುವುದೇ ಕೇಳುವವರಿಗಾಗಿ. ಓದಿಗೆ ತಾತ್ಕಾಲಿಕ ವಿರಾಮ ಕೊಡುವ ಯೋಚನೆಯಿದ್ದರೆ, ಅದರಿಂದ ವಿದ್ಯಾರ್ಥಿವೇತನ ನಿಲ್ಲುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಡೇಟಾ ಕಡಿಮೆಯಿದ್ದರೆ ವಿಡಿಯೊ ನಿಲ್ಲಿಸಿ ಧ್ವನಿಯನ್ನಷ್ಟೇ ಕೇಳಿ, ಟಿಪ್ಪಣಿಗಳನ್ನು ಕಡತವಾಗಿ ಕಳುಹಿಸುವಂತೆ ಅಧ್ಯಾಪಕರನ್ನು ಕೋರಿ. ಪರೀಕ್ಷೆಯ ನಡುವೆ ಸಂಪರ್ಕ ಕಡಿದರೆ ಪರದೆಯ ಚಿತ್ರವನ್ನು ಸಮಯಸಹಿತ ಉಳಿಸಿ, ಅಂದೇ ತಿಳಿಸಿ.

ಕೆಮ್ಮು, ಜ್ವರ ಕಾಣಿಸಿದಾಗ ದಿನಗೂಲಿ ತಪ್ಪೀತೆಂದು ಮುಚ್ಚಿಡಬೇಡಿ. ಒಂದೇ ಕೋಣೆಯಲ್ಲಿ ಹಲವರಿದ್ದರೆ ಕಿಟಕಿ ತೆರೆದಿಡಿ, ಮಾಸ್ಕ್ ಧರಿಸಿ.

ಇನ್ನು ಮನಸ್ಸಿನ ವಿಚಾರ. ಏಳುವ ಹೊತ್ತನ್ನು ಬದಲಿಸದಿರುವುದು, ದಿನಕ್ಕೊಮ್ಮೆ ಗೆಳೆಯರೊಬ್ಬರೊಡನೆ ಮಾತನಾಡುವುದು, ಇವು ಖರ್ಚಿಲ್ಲದ ಉಪಾಯಗಳು. ಬೇಸರ, ನಿರಾಸಕ್ತಿ, ನಿದ್ರಾಹೀನತೆಗಳು ಎರಡು ವಾರ ಬಿಡದೆ ಕಾಡಿದರೆ ಆಪ್ತಸಮಾಲೋಚಕರನ್ನು ಕಾಣಬೇಕು; ಸಾಯುವ ಯೋಚನೆ ಬಂದರೆ ಕಾಯದೆ ತುರ್ತು ಸಹಾಯವಾಣಿಗೆ ಕರೆಮಾಡಿ, ಹತ್ತಿರದವರೊಬ್ಬರನ್ನು ಜೊತೆಗಿರಿಸಿಕೊಳ್ಳಬೇಕು. ಮನೆಯಲ್ಲಿ ಏಕಾಂತವಿಲ್ಲದವರು ಸಮಾಲೋಚನೆಯ ಸಮಯ ಗೊತ್ತುಪಡಿಸುವಾಗಲೇ ಆ ಮಾತನ್ನು ಹೇಳಿ, ನಡೆದಾಡುತ್ತ ಫೋನಿನಲ್ಲಿ ಮಾತನಾಡಲು ಅಥವಾ ಸಂದೇಶ ಬರೆದು ಕಳುಹಿಸಲು ಅವಕಾಶವಿದೆಯೇ ಎಂದು ಕೇಳಬಹುದು.